ನೂರಾ ತೊಂಬತ್ನಾಲ್ಕು ಬನ್ನು

ಸತ್ತವರ ಹೆಸರಿನಲ್ಲಿ ಉಣಬಡಿಸಿದ್ದು ಸತ್ತವರಿಗೆ ಮುಟ್ಟುತ್ತದೆಯೇ? ನಮ್ಮ ಕಾಕಾನನ್ನು ಮಣ್ಣು ಮಾಡಿದ ಮೂರನೆಯ ದಿನ ಪಡಸಾಲೆಯಲ್ಲಿ ಈ ಮಾತು ಬಂತು. "ಲಿಂಗವಂತರಾಗಿ ಹುಟ್ಟಿ ವರ್ಷಾ ವರ್ಷಾ ತಿಥಿ ಮಾಡ್ತಿದ್ರು ನೋಡ್ರಿ, ಅದೊಂದು ನನಗ ಸೇರ್ತಿರಲಿಲ್ಲ" ಎಂದರು ಬೀಗರ ಪೈಕಿ ಹಿರಿಯರೊಬ್ಬರು. ನಾನು ಅಂದು ಸುಮ್ಮನಿದ್ದೆ.

ಕಾಕಾ ಹದಿನೈದು ವರ್ಷ ನೇವಿಯಲ್ಲಿ, ಹಡಗಿನ ಅಡಿಗೆಮನೆಯಲ್ಲಿದ್ದರು. ಆಮೇಲೆ ಅರಭಾವಿಗೆ ಬಂದು ಬೇಕರಿ ಹಾಕಿದರು. ಪಕ್ಕದ ಗೋಕಾಕ ಕರದಂಟಿನ ಊರು; ಇವರು ಬೇಯಿಸಿದ್ದು ಪಾವು, ಬನ್ನು, ಖಾರಿ, ಟೋಸ್ಟು. ನಸುಕಿನ ಮೂರಕ್ಕೆ ಭಟ್ಟಿಗೆ ಕಟ್ಟಿಗೆ ಒಟ್ಟುವ ಸಪ್ಪಳಕ್ಕೆ ನಮ್ಮ ಓಣಿಗೆ ಎಚ್ಚರ. ನಾದಿದ ಹಿಟ್ಟಿನ ಪ್ರತಿ ಉಂಡೆಯೂ ತಕ್ಕಡಿ ಏರಿಯೇ ಒಳಗೆ ಹೋಗಬೇಕು. "ಒಬ್ಬಂಗ ದೊಡ್ಡದು ಒಬ್ಬಂಗ ಸಣ್ಣದು ಕೊಟ್ರ ಹಡಗಿನ್ಯಾಗ ಜಗಳಾ ಹತ್ತತಾವ" ಎನ್ನುತ್ತಿದ್ದರು.

ಡಿಸೆಂಬರ್ 9ರಂದು ಮಾತ್ರ ಭಟ್ಟಿ ಇನ್ನೂ ಮೊದಲೇ ಹೊತ್ತುತ್ತಿತ್ತು. 1971ರ ಯುದ್ಧದಲ್ಲಿ ಅದೇ ದಿನ ರಾತ್ರಿ, ದೀವ್ ಕಡೆಯ ಸಮುದ್ರದಲ್ಲಿ, ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ನೀರುಪಾಲಾದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಕಾಕಾ ಬೇರೆ ಹಡಗಿನಲ್ಲಿದ್ದರು. ಖುಕ್ರಿಯ ಅಡಿಗೆಯವರಲ್ಲಿ ಅವರ ಗೆಳೆಯನೊಬ್ಬನಿದ್ದ. "ಮರುದಿನದ ನಾಷ್ಟಾಕ್ಕ ಅಂವಾ ಹಿಟ್ಟು ನಾದಿ ಇಟ್ಟಿರ್ತಾನ" ಎಂದು ಒಮ್ಮೆ ಹೇಳಿದ್ದರು. ಅದಕ್ಕಿಂತ ಹೆಚ್ಚಿಗೆ ಆ ರಾತ್ರಿಯ ಬಗ್ಗೆ ಅವರ ಬಾಯಿಂದ ನಾನು ಕೇಳಿಲ್ಲ.

ಆ ದಿನ 194 ಬನ್ನು ಬೇಯಿಸಿ ಊರ ಶಾಲೆಗೆ ಒಯ್ಯುತ್ತಿದ್ದರು. ಮಕ್ಕಳು ಹೆಚ್ಚಿದ್ದರೆ ಉಳಿದವರಿಗೆ ಬಿಸ್ಕೀಟು. ಬನ್ನಿನ ಎಣಿಕೆ ಬದಲಾಗಲಿಲ್ಲ. "ಎರಡ್ನೂರು ಮಾಡಿಬಿಡು, ಲೆಕ್ಕ ಸರಳ ಆಕ್ಕೈತಿ" ಎಂದು ಅವ್ವ ಅಂದರೆ, "ಅವ್ರು ಅಷ್ಟ ಮಂದಿ ಇದ್ರು, ವೈನಿ" ಎಂದಷ್ಟೇ ಉತ್ತರ.

ಶರಣರು ಶ್ರಾದ್ಧವನ್ನು ಒಪ್ಪಲಿಲ್ಲ, ನಿಜ. ಆದರೆ ಕಾಕಾ ಸತ್ತವರಿಗೆ ಎಡೆ ಹಾಕಲಿಲ್ಲ, ಕಾಗೆಯನ್ನು ಕರೆಯಲಿಲ್ಲ. ಬನ್ನು ಹೋದದ್ದು ಹಸಿದ ಮಗುವಿನ ಕೈಗೆ. ದುರದುಂಡೇಶ್ವರ ಮಠದ ಪಂಕ್ತಿಯಲ್ಲಿ ಪ್ರಸಾದ ಉಂಡು ಬೆಳೆದವರು ನಾವು. ಇದನ್ನು ದಾಸೋಹವೆನ್ನಲು ಯಾಕೆ ಹಿಂಜರಿಯಬೇಕು? ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಮರಳಿ ಕಳಿಸಿದಳು. ದಾಸೋಹಕ್ಕೂ ಒಂದು ಅಳತೆ ಉಂಟೆಂದು ಆಕೆಗೆ ಗೊತ್ತಿತ್ತು. ಆರು ಬನ್ನು ಹೆಚ್ಚು ಮಾಡಿದ್ದರೆ ನಮ್ಮ ಎಣಿಕೆ ಹಗುರಾಗುತ್ತಿತ್ತು, ಆ ಮಂದಿ ಮಾತ್ರ ಬರೀ ಒಂದು ಅಂದಾಜಾಗುತ್ತಿದ್ದರು.

ಸತ್ತವರಿಗೆ ಮುಟ್ಟುತ್ತದೆಂದು ನಾನು ನಂಬುವುದಿಲ್ಲ. ಕಾಕಾ ಕೂಡ ನಂಬಿರಲಿಲ್ಲವೆಂದೇ ನನ್ನ ಎಣಿಕೆ. ನಮ್ಮವರು ಸತ್ತರೆ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತೇವೆ. ಅದು ಹೋದವನಿಗೆ ಗೊತ್ತಾಗುತ್ತದೆಂದು ಅಲ್ಲ, ಹಾಕದೆ ಮನೆಗೆ ಮರಳಲು ನಮ್ಮ ಕಾಲೇಳುವುದಿಲ್ಲ. ಖುಕ್ರಿಯವರಿಗೆ ಆ ಹಿಡಿ ಮಣ್ಣು ಹಾಕಲು ಯಾರಿಗೂ ಆಗಲಿಲ್ಲ.

ಈ ಡಿಸೆಂಬರಿನಲ್ಲಿ ಭಟ್ಟಿಯ ಮುಂದೆ ನಿಂತು ತಮ್ಮ, "ಕಾಕಾಂದೂ ಸೇರಿಸಿ ನೂರಾ ತೊಂಬತ್ತೈದು ಮಾಡೋಣೇನು?" ಎಂದ. ಬೇಡವೆಂದೆ. ಕಾಕಾಗೆ ನಮ್ಮ ಹೊಲದಲ್ಲೇ ಮಣ್ಣು ಸಿಕ್ಕಿದೆ. 194 ಬನ್ನು ಎಣಿಸಿ ಶಾಲೆಗೆ ಒಯ್ದೆವು.