ಇಂದಿನ ಧಮ್ಮ ಚಿಂತನೆ: ಹೊಟ್ಟೆ ಚಿಕ್ಕದಾದ ಮೇಲೆ





ಪಣಂಬೂರಿನ ನಮ್ಮ ಅಧ್ಯಯನ ಬಳಗದಲ್ಲಿ ಕಳೆದ ಭಾನುವಾರ ಒಬ್ಬ ಅಕ್ಕ ಒಂದು ಪ್ರಶ್ನೆ ಇಟ್ಟರು. ಅವರಿಗೆ ತೂಕ ಬಹಳ ಹೆಚ್ಚಾಗಿದೆ. ಸಕ್ಕರೆ ಕಾಯಿಲೆ ಇದೆ, ಮೊಣಕಾಲು ನೋವಿದೆ, ರಾತ್ರಿ ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಡಾಕ್ಟರು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳಿ ಎಂದಿದ್ದಾರೆ. ಮನೆಯಲ್ಲಿ ಒಬ್ಬರು, "ಬಾಯಿ ಕಟ್ಟಿದರೆ ಸಾಕು, ಹೊಟ್ಟೆ ಯಾಕೆ ಕೊಯ್ಸಿಕೊಳ್ಳಬೇಕು?" ಎಂದರಂತೆ. ಇನ್ನೊಬ್ಬರು, "ಹಿಂದಿನ ಜನ್ಮದ್ದು, ಅನುಭವಿಸಬೇಕು" ಎಂದರಂತೆ. ಅಕ್ಕ ನಮ್ಮನ್ನು ಕೇಳಿದ್ದು ಇಷ್ಟೇ: "ಇದು ಧಮ್ಮಕ್ಕೆ ಒಪ್ಪುತ್ತದಾ? ಮನಸ್ಸು ಗಟ್ಟಿ ಇಲ್ಲದವರು ಮಾಡುವ ಕೆಲಸವಾ?"

ಈ ಪ್ರಶ್ನೆ ಅವರೊಬ್ಬರದ್ದಲ್ಲ. ಬಂದರಿನಲ್ಲಿ, ಗೊಬ್ಬರ ಕಾರ್ಖಾನೆಯಲ್ಲಿ, ಬೈಕಂಪಾಡಿಯ ಕೈಗಾರಿಕೆಗಳಲ್ಲಿ ಪಾಳಿಯ ಮೇಲೆ ದುಡಿಯುವ ಎಷ್ಟೋ ಮನೆಗಳಲ್ಲಿ ಇದು ಇದೆ. ರಾತ್ರಿ ಪಾಳಿ, ಹೊತ್ತಲ್ಲದ ಹೊತ್ತಿನಲ್ಲಿ ಊಟ, ನಿದ್ದೆ ತಡೆಯಲು ಸಿಹಿ ಚಹಾ ಮತ್ತು ಗೋಳಿಬಜೆ. ಇಂದು ಇದನ್ನೇ ಚಿಂತಿಸೋಣ.

*ಮೊದಲು ಕರ್ಮದ ಮಾತು*

ಮೋಲಿಯ ಸೀವಕ ಎಂಬ ಪರಿವ್ರಾಜಕ ಬುದ್ಧರನ್ನು ಇದೇ ಪ್ರಶ್ನೆ ಕೇಳಿದ್ದ. ಮನುಷ್ಯ ಅನುಭವಿಸುವುದೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದು. ಬುದ್ಧರು ಪಿತ್ತ, ಕಫ, ವಾತ, ಅವು ಮೂರೂ ಕೂಡಿದ ದೋಷ, ಋತು ಬದಲಾವಣೆ, ದೇಹವನ್ನು ಸರಿಯಾಗಿ ನೋಡಿಕೊಳ್ಳದಿರುವುದು, ಹೊರಗಿನ ಪೆಟ್ಟು ಎಂದು ಒಂದೊಂದೇ ಕಾರಣ ಹೇಳಿದರು. ಕರ್ಮವನ್ನು ಎಂಟು ಕಾರಣಗಳಲ್ಲಿ ಕೊನೆಯದಾಗಿ ಮಾತ್ರ ಎಣಿಸಿದರು. ಎಲ್ಲವೂ ಕರ್ಮವೇ ಎನ್ನುವವರು ಕಣ್ಣಾರೆ ಕಂಡ ಸತ್ಯವನ್ನೂ ದಾಟಿ ಮಾತಾಡುತ್ತಾರೆ ಎಂದರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇನ್ನೂ ಮುಂದೆ ಹೋದರು. ಬಡವರ, ಕೆಳಗೆ ತಳ್ಳಲ್ಪಟ್ಟವರ ಸ್ಥಿತಿಗೆ ಅವರ ಹಿಂದಿನ ಜನ್ಮವೇ ಕಾರಣ ಎನ್ನುವ ಸಿದ್ಧಾಂತ ಸಮಾಜದ ಹೊಣೆ ತಪ್ಪಿಸುವ ಉಪಾಯ ಎಂದು ತೋರಿಸಿದರು. ನಮ್ಮ ಹಿರಿಯರ ತಲೆಯ ಮೇಲಿದ್ದ ಆ ಹೊರೆಯನ್ನು ಇಳಿಸಿ ಬಂದವರು ನಾವು. ಅದನ್ನೇ ಈಗ ಒಬ್ಬ ಅಕ್ಕನ ಮೈಮೇಲೆ ಹೊರಿಸುವುದು ಬೇಡ.

ಅತಿತೂಕ ಒಂದು ಕಾಯಿಲೆ. ವಂಶ, ಹಾರ್ಮೋನು, ನಿದ್ದೆ, ದುಡಿಮೆ, ಊಟ, ಕೆಲವು ಔಷಧಿ, ಮನಸ್ಸಿನ ನೋವು ಎಲ್ಲವೂ ಅದರಲ್ಲಿ ಸೇರಿವೆ. ತೂಕ ಇಳಿಸಿದರೆ ದೇಹವೇ ಹಸಿವು ಹೆಚ್ಚಿಸಿ ಅದನ್ನು ವಾಪಸು ತರಲು ನೋಡುತ್ತದೆ. ಇದು ಬರೀ ಬಾಯಿಚಪಲ ಅಲ್ಲ.

*ರಾಜನ ಊಟ*

ಕೋಸಲದ ರಾಜ ಪಸೇನದಿಯ ಕಥೆ ನಿಮಗೆ ಗೊತ್ತು. ಒಂದು ಹೊತ್ತಿಗೆ ಒಂದು ದ್ರೋಣದಷ್ಟು ಅನ್ನ ಉಣ್ಣುತ್ತಿದ್ದ. ಒಂದು ದಿನ ಹೊಟ್ಟೆ ತುಂಬ ತಿಂದು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದು ಕೂತ. ಬುದ್ಧರು ನಗಲಿಲ್ಲ, ಬೈಯಲಿಲ್ಲ. ಎಚ್ಚರದಿಂದ ಅಳತೆ ಅರಿತು ಉಣ್ಣುವವನಿಗೆ ನೋವು ಕಡಿಮೆ, ಮುಪ್ಪು ನಿಧಾನ, ಆಯುಸ್ಸು ಹೆಚ್ಚು ಎಂಬ ಅರ್ಥದ ಒಂದು ಗಾಥೆ ಹೇಳಿದರು.

ಆಗ ರಾಜ ಏನು ಮಾಡಿದ ನೋಡಿ. "ನಾಳೆಯಿಂದ ನಾನೇ ನೆನಪಿಟ್ಟುಕೊಳ್ಳುತ್ತೇನೆ" ಎನ್ನಲಿಲ್ಲ. ಹಿಂದೆ ನಿಂತಿದ್ದ ಸುದರ್ಶನ ಎಂಬ ಯುವಕನಿಗೆ, ಈ ಗಾಥೆ ಕಲಿತುಕೋ, ನಾನು ಊಟಕ್ಕೆ ಕೂತಾಗಲೆಲ್ಲ ಹೇಳು, ದಿನಕ್ಕೆ ನೂರು ಕಹಾಪಣ ಕೊಡುತ್ತೇನೆ ಎಂದ. ಊಟ ದಿನದಿಂದ ದಿನಕ್ಕೆ ಇಳಿಯಿತು. ದ್ರೋಣದಿಂದ ಒಂದು ನಾಳಿಯ ಅಳತೆಗೆ ಬಂತು. ಮೈ ಹಗುರವಾದ ಮೇಲೆ ರಾಜ ಕೈಯಿಂದ ಮೈ ಸವರಿಕೊಂಡು ಬುದ್ಧರ ಕರುಣೆಯನ್ನು ನೆನೆದ.

ರಾಜನಿಗೂ ಹೊರಗಿನ ಸಹಾಯ ಬೇಕಾಯಿತು. ಅದಕ್ಕೆ ಅವನು ದುಡ್ಡೂ ಕೊಟ್ಟ. ಬುದ್ಧರು ಅದನ್ನು ದುರ್ಬಲತೆ ಎನ್ನಲಿಲ್ಲ. ಆಪರೇಷನ್ ಎಂದರೆ ಆ ಸುದರ್ಶನನೇ. ತಟ್ಟೆಯ ಮುಂದೆ ನಿಂತು "ಸಾಕು" ಎಂದು ನೆನಪಿಸುತ್ತದೆ. ಆದರೆ ಕೈ ನಿಲ್ಲಿಸಬೇಕಾದವನು ರಾಜನೇ.

*ಆಪರೇಷನ್ ಎಂದರೇನು, ಏನಲ್ಲ*

ಮೇ 2022ರಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಯ ನಂತರ ತೀರಿಕೊಂಡ ಸುದ್ದಿ ಇನ್ನೂ ಜನರ ಮನಸ್ಸಿನಲ್ಲಿದೆ. ಭಯ ಸಹಜ. ಆದರೆ ಅದು ಅಂದಕ್ಕಾಗಿ ಕೊಬ್ಬು ತೆಗೆಯುವ ಚಿಕಿತ್ಸೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಬೇರೆ, ಇದು ಕಾಯಿಲೆಗಾಗಿ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು ಬಾಳೆಕಾಯಿಯಂಥ ಕೊಳವೆ ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನೂ ಕಡಿಮೆಯಾಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಪುಟ್ಟ ಚೀಲ ಮಾಡಿ ಕರುಳಿಗೆ ಜೋಡಿಸುತ್ತಾರೆ. ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹತೋಟಿಗೆ ಬರುತ್ತವೆ. ಆದರೂ ಇದು ದೊಡ್ಡ ಆಪರೇಷನ್. ರಕ್ತಸ್ರಾವ, ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಅಪರೂಪವಾದರೂ ಆಗಬಹುದು.

ಇದು ಎಲ್ಲರಿಗೂ ಅಲ್ಲ. ತೂಕವನ್ನು ಕಿಲೋದಲ್ಲಿ ಬರೆದು, ಅದನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 1.55 ಮೀಟರ್ ಎತ್ತರ, 90 ಕಿಲೋ ತೂಕ ಇದ್ದರೆ ಸುಮಾರು 37.5. ನಮ್ಮ ದೇಶದ ಆರೋಗ್ಯ ವಿಮೆಯ ನಿಯಮದಲ್ಲಿ ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35ರ ಮೇಲಿದ್ದು ತೀವ್ರ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರುಗಟ್ಟುವಿಕೆಯಂಥ ತೊಂದರೆಗಳಿದ್ದು ಬೇರೆ ದಾರಿ ಫಲಿಸದಿದ್ದರೆ ಈ ಆಪರೇಷನ್ ಪರಿಗಣನೆಗೆ ಬರುತ್ತದೆ. ಸಾಲ ಮಾಡುವ ಮೊದಲು ನಿಮ್ಮ ಪಾಲಿಸಿಯನ್ನು ಗೊತ್ತಿದ್ದವರಿಂದ ಓದಿಸಿ.

*ರೋಗಿಯ ಐದು ಗುಣಗಳು*

ಬುದ್ಧರ ವೈದ್ಯ ಜೀವಕ. ವಾರಾಣಸಿಯ ಶ್ರೇಷ್ಠಿಯ ಮಗನಿಗೆ ಕರುಳು ಗಂಟಾದಾಗ ಹೊಟ್ಟೆ ತೆರೆದು, ಗಂಟು ಬಿಡಿಸಿ, ಹೊಲಿದು ಬದುಕಿಸಿದ ಎಂದು ವಿನಯಪಿಟಕ ಹೇಳುತ್ತದೆ. ಸಂಘದಲ್ಲಿ ಶಸ್ತ್ರಚಿಕಿತ್ಸಕನಿಗೆ ಗೌರವ ಇತ್ತು. ಆದರೆ ಬುದ್ಧರು ವೈದ್ಯನ ಕೈಚಳಕವೊಂದನ್ನೇ ನಂಬಿ ಕೂರಲಿಲ್ಲ. ಎಂಥ ರೋಗಿಯನ್ನು ಉಪಚರಿಸುವುದು ಸುಲಭ ಎಂದು ಐದು ಗುಣ ಹೇಳಿದರು. ಈ ಐದೂ ಅಕ್ಕನ ಪ್ರಶ್ನೆಗೆ ನೇರವಾಗಿ ಹೊಂದುತ್ತವೆ.

1. ಹಿತವಾದದ್ದನ್ನು ಮಾಡುವುದು. ಸಿದ್ಧತೆ ಆಪರೇಷನ್‌ಗೆ ವಾರಗಟ್ಟಲೆ ಮುಂಚೆಯೇ ಶುರು. ಸಾಮಾನ್ಯವಾಗಿ ಎರಡು ವಾರ ಕಡಿಮೆ ಕ್ಯಾಲರಿಯ ಪಥ್ಯ ಕೊಡುತ್ತಾರೆ. ಜಠರದ ಮೇಲೆ ಕೂತಿರುವ ಯಕೃತ್ತು ಕುಗ್ಗಿ ಡಾಕ್ಟರಿಗೆ ಜಾಗ ಸಿಗಲಿ ಎಂದು. ಬೀಡಿ, ಸಿಗರೇಟು ಕನಿಷ್ಠ ಆರು ವಾರ ಮುಂಚೆ ನಿಲ್ಲಬೇಕು. ದಿನಾ ಸ್ವಲ್ಪ ನಡೆಯಬೇಕು. ಆಪರೇಷನ್ ಆದ ದಿನವೇ ಅಥವಾ ಮರುದಿನ ನಡೆಸುತ್ತಾರೆ. ಆಮೇಲೆ ಪಣಂಬೂರು ಕಡಲತೀರದ ಸಂಜೆಯ ನಡಿಗೆಗೆ ಟಿಕೆಟ್ ಬೇಕಿಲ್ಲ.

2. ಹಿತವಾದದ್ದರಲ್ಲೂ ಅಳತೆ ಅರಿಯುವುದು. ಮೊದಲ ಎರಡು ವಾರ ದ್ರವ ಮಾತ್ರ, ಆಮೇಲೆ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತನೆಯದು. ಮಾಮೂಲಿ ಊಟಕ್ಕೆ ಬರಲು ಸುಮಾರು ಆರೆಂಟು ವಾರ. ಗಂಜಿ ಒಳ್ಳೆಯದೇ, ಆದರೆ ಗಂಜಿಯಿಂದಲೇ ಪುಟ್ಟ ಹೊಟ್ಟೆ ತುಂಬಿದರೆ ಪ್ರೋಟೀನಿಗೆ ಜಾಗವಿಲ್ಲ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ತಟ್ಟೆಯಲ್ಲಿ ಮೊದಲು ಮೀನು, ಮೊಟ್ಟೆ, ಹೆಸರುಕಾಳು, ಮೊಸರು. ಕುಚ್ಚಲಕ್ಕಿ ಅನ್ನ ಕೊನೆಗೆ. ಸಣ್ಣ ತುತ್ತು, ಚೆನ್ನಾಗಿ ಅಗಿಯುವುದು, ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯುವುದು.

3. ಔಷಧಿ ತೆಗೆದುಕೊಳ್ಳುವುದು. ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ವಿಟಮಿನ್ ಜೀವನಪೂರ್ತಿ, ಜೊತೆಗೆ ಕಾಲಕಾಲಕ್ಕೆ ರಕ್ತ ಪರೀಕ್ಷೆ. ಮೈ ಹಗುರವಾಯಿತು ಎಂದು ಬಿಟ್ಟರೆ ರಕ್ತಹೀನತೆ, ನರದ ತೊಂದರೆ, ಮೂಳೆ ಸವೆತ ನಿಧಾನವಾಗಿ ಬರುತ್ತವೆ. ಸಕ್ಕರೆ, ಬಿಪಿ ಮಾತ್ರೆಯ ಪ್ರಮಾಣ ಡಾಕ್ಟರೇ ಬದಲಿಸಬೇಕು. ಅಂಗಡಿಯ ನೋವಿನ ಮಾತ್ರೆ ಕೇಳದೆ ನುಂಗಬೇಡಿ, ಹುಣ್ಣಾಗಬಹುದು. ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸದಿರುವುದು ಒಳ್ಳೆಯದು.

4. ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಹೆಚ್ಚಾಗಿದ್ದರೆ ಹೆಚ್ಚಾಗಿದೆ, ಕಡಿಮೆಯಾಗಿದ್ದರೆ ಕಡಿಮೆಯಾಗಿದೆ. ಕುಡಿತ, ರಾತ್ರಿ ಎದ್ದು ತಿನ್ನುವ ಅಭ್ಯಾಸ, ಮನಸ್ಸಿನ ಖಿನ್ನತೆಯನ್ನು ಡಾಕ್ಟರ ಮುಂದೆ ಮುಚ್ಚಬೇಡಿ. ಆಪರೇಷನ್ ಆದ ಮೇಲೆ ಎದೆಬಡಿತ ಜೋರಾದರೆ, ಜ್ವರ, ಹೊಟ್ಟೆನೋವು, ಉಸಿರಾಟದ ತೊಂದರೆ, ಕಾಲಿನಲ್ಲಿ ಬಾವು ಬಂದರೆ ಬೆಳಗಾಗಲಿ ಎಂದು ಕಾಯಬಾರದು. ವಾಂತಿ ನಿಲ್ಲದಿದ್ದರೂ ತಕ್ಷಣ ಹೇಳಬೇಕು.

5. ಸಹಿಸುವುದು. ಅಪಾಯದ ಲಕ್ಷಣ ಸಹಿಸುವುದಲ್ಲ. ಮೂರು ತಿಂಗಳ ಹೊತ್ತಿಗೆ ಕೂದಲು ಉದುರಬಹುದು, ಮತ್ತೆ ಬರುತ್ತದೆ. ಚರ್ಮ ಜೋತುಬೀಳಬಹುದು. ಒಂದೂವರೆ ವರ್ಷದ ಹೊತ್ತಿಗೆ ತೂಕ ಇಳಿಯುವುದು ನಿಲ್ಲಬಹುದು. ಜನ ಮೊದಲು "ದಪ್ಪ" ಎಂದವರು ಆಮೇಲೆ "ಸೊರಗಿದ್ದೀರಲ್ಲ, ಏನು ಕಾಯಿಲೆ?" ಎನ್ನುತ್ತಾರೆ. ಇವುಗಳಿಗೆ ಸಹನೆ.

*ನೋಡಿಕೊಳ್ಳುವವರ ಐದು ಗುಣಗಳು*

ಬುದ್ಧರು ರೋಗಿಗೆ ಮಾತ್ರ ಪಾಠ ಹೇಳಿ ಬಿಡಲಿಲ್ಲ. ಭೇದಿಯಾಗಿ ತನ್ನ ಮಲದಲ್ಲೇ ಬಿದ್ದಿದ್ದ ಭಿಕ್ಖುವನ್ನು ಆನಂದನ ಜೊತೆ ಸೇರಿ ತಾವೇ ತೊಳೆದವರು ಅವರು. ಉಪಚರಿಸುವವರಿಗೂ ಐದು ಗುಣ ಹೇಳಿದರು. ಔಷಧಿ ಸಿದ್ಧಪಡಿಸಲು ಬರಬೇಕು. ಹಿತ ಯಾವುದು, ಅಹಿತ ಯಾವುದು ಎಂದು ತಿಳಿದು ಹಿತವಾದದ್ದನ್ನು ತರಬೇಕು, ಅಹಿತವಾದದ್ದನ್ನು ದೂರ ಇಡಬೇಕು. ಲಾಭಕ್ಕಾಗಿ ಅಲ್ಲ, ಮೈತ್ರಿಯಿಂದ ಮಾಡಬೇಕು. ವಾಂತಿ, ಮಲಮೂತ್ರಕ್ಕೆ ಅಸಹ್ಯ ಪಡಬಾರದು. ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು.

ಎರಡನೆಯದನ್ನು ಮನೆಯವರೆಲ್ಲ ಕಲಿಯಬೇಕು. ಒಬ್ಬರಿಗೆ ಬೇಳೆಕಟ್ಟು ಕೊಟ್ಟು ಅವರೆದುರೇ ಉಳಿದವರು ಕೋರಿರೊಟ್ಟಿ ತಿನ್ನುತ್ತ ಕೂತರೆ ಅದು ಉಪಚಾರವಲ್ಲ. ಮದುವೆ ಮನೆಯಲ್ಲಿ "ಇಷ್ಟೇನಾ? ಇನ್ನೊಂದು ಹಾಕಿಸಿಕೊಳ್ಳಿ" ಎಂದು ಒತ್ತಾಯ ಮಾಡಬೇಡಿ.

ಈ ಒತ್ತಾಯ ಎಲ್ಲಿಂದ ಬಂತು ಎಂದೂ ಅರಿಯೋಣ. ನಮ್ಮ ಹಿರಿಯರು ಹಸಿವು ಕಂಡವರು. ಇದೇ ತುಳುನಾಡಿನಲ್ಲಿ ಕೊರಗ ಬಂಧುಗಳಿಗೆ ಎಂಜಲಿನಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸಿದ ಅಜಲು ಪದ್ಧತಿ ಇತ್ತು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಅಂಥ ಚರಿತ್ರೆ ಇರುವ ಕಡೆ ಮಕ್ಕಳ ತಟ್ಟೆ ತುಂಬುವುದೇ ಪ್ರೀತಿ, ತಟ್ಟೆ ಖಾಲಿ ಮಾಡುವುದೇ ಮರ್ಯಾದೆ. ಆ ಪ್ರೀತಿಗೆ ಕೈಮುಗಿಯೋಣ. ಆದರೆ ಹಸಿವಿನ ಕಾಲದ ಅಳತೆ ಈ ದೇಹಕ್ಕೆ ಇವತ್ತು ಹಿತವಲ್ಲ. ತಟ್ಟೆಯಲ್ಲಿ ಕಡಿಮೆ ಬಡಿಸುವುದೂ ಪ್ರೀತಿಯೇ.

*ಕತ್ತರಿ ಮುಟ್ಟದ ಜಾಗ*

ಆಪರೇಷನ್ ಜಠರವನ್ನು ಚಿಕ್ಕದು ಮಾಡುತ್ತದೆ, ತಣ್ಹಾವನ್ನು ಅಲ್ಲ. ಪುಟ್ಟ ಹೊಟ್ಟೆಯಲ್ಲೂ ಐಸ್‌ಕ್ರೀಂ, ಜ್ಯೂಸ್, ಪಾಯಸ ಜಾರಿಕೊಂಡು ಹೋಗುತ್ತವೆ. ದಿನವಿಡೀ ಸ್ವಲ್ಪ ಸ್ವಲ್ಪ ತಿಂದರೆ ತೂಕ ವಾಪಸು ಬರುತ್ತದೆ. ಬೈಪಾಸ್ ಆದವರಿಗೆ ಸಿಹಿ ಹೆಚ್ಚಾದರೆ ಬೆವರು, ತಲೆಸುತ್ತು, ಭೇದಿ ಬರಬಹುದು. ಕೆಲವರಲ್ಲಿ ಊಟದ ಆಸೆ ಕುಡಿತದ ಕಡೆ ತಿರುಗುತ್ತದೆ. ಈ ಆಪರೇಷನ್ ನಂತರ ಮದ್ಯ ಬೇಗ ರಕ್ತಕ್ಕೆ ಏರುತ್ತದೆ, ಚಟ ಬೇಗ ಅಂಟುತ್ತದೆ. ನಮ್ಮ ಐದನೆಯ ಶೀಲ ಇಲ್ಲಿ ಔಷಧಿಯೂ ಹೌದು. ದುಃಖ ಬಂದಾಗ ತಿನ್ನುತ್ತಿದ್ದವರು ಆ ದುಃಖವನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯನನ್ನು ಮೊದಲೇ ಹುಡುಕಿಟ್ಟುಕೊಳ್ಳಬೇಕು. ಸಂಘ ಇರುವುದು ಅದಕ್ಕೇ.

ಬಾಬಾಸಾಹೇಬರೂ ಸಕ್ಕರೆ ಕಾಯಿಲೆ, ನರಗಳ ನೋವಿನಿಂದ ನರಳಿದವರು. ಏಪ್ರಿಲ್ 15, 1948ರಂದು ಅವರನ್ನು ಮದುವೆಯಾದ ಡಾ. ಸವಿತಾ ಸ್ವತಃ ವೈದ್ಯೆ. ಅವರು ನೋಡಿಕೊಂಡ ಪಥ್ಯ, ಔಷಧಿಯ ನಡುವೆಯೇ ಬಾಬಾಸಾಹೇಬರು ಧಮ್ಮಗ್ರಂಥ ಬರೆದರು, ಅಕ್ಟೋಬರ್ 14, 1956ರಂದು ನಾಗಪುರದಲ್ಲಿ ದೀಕ್ಷೆ ಪಡೆದು ಲಕ್ಷಾಂತರ ಜನರಿಗೆ ದಾರಿ ತೋರಿದರು. ವೈದ್ಯರ ಸಹಾಯ ಪಡೆಯುವುದು ಸೋಲಲ್ಲ. ಮಾಡಬೇಕಾದ ಕೆಲಸಕ್ಕೆ ದೇಹ ಉಳಿಯಬೇಕು.

ಹಾಗಾಗಿ ಅಕ್ಕನಿಗೆ ಬಳಗದ ಉತ್ತರ: ಹೌದು, ಧಮ್ಮಕ್ಕೆ ಒಪ್ಪುತ್ತದೆ. ಆರು ವರ್ಷ ಉಪವಾಸ ಮಾಡಿ ಎಲುಬಾದ ಸಿದ್ಧಾರ್ಥ ಸುಜಾತೆಯ ಪಾಯಸ ಸ್ವೀಕರಿಸಿದ. ದೇಹವನ್ನು ದಂಡಿಸುವುದೂ ದಾರಿಯಲ್ಲ, ಅದರ ಆಸೆಗೆ ಬಿಟ್ಟುಕೊಡುವುದೂ ದಾರಿಯಲ್ಲ. ತಿಳಿದು, ವಿಚಾರಿಸಿ, ಬೇಕಾದರೆ ಎರಡನೇ ಡಾಕ್ಟರ ಅಭಿಪ್ರಾಯ ಕೇಳಿ ನಿರ್ಧರಿಸಿ. ನಿರ್ಧರಿಸಿದರೆ ತಲೆ ಎತ್ತಿಕೊಂಡು ಹೋಗಿ.

*ಇಂದಿನ ಅಭ್ಯಾಸ*

ಇಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮೊಬೈಲ್ ಪಕ್ಕಕ್ಕಿಡಿ. ಈ ಅನ್ನ ಮೋಜಿಗಲ್ಲ, ಮೈ ಉಳಿಸಿಕೊಂಡು ಒಳ್ಳೆಯ ಕೆಲಸ ಮಾಡುವುದಕ್ಕೆ ಎಂದು ಒಂದು ಕ್ಷಣ ನೆನೆಯಿರಿ. ಇನ್ನು ನಾಲ್ಕು ತುತ್ತು ಬೇಕು ಅನ್ನಿಸುವಾಗ ನಿಲ್ಲಿಸಿ ನೋಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ತೂಕದಿಂದ ಕಷ್ಟಪಡುವವರಿದ್ದರೆ ಇಂದು ಅವರಿಗೆ ಬುದ್ಧಿ ಹೇಳಬೇಡಿ. "ಆಸ್ಪತ್ರೆಗೆ ಹೋಗುವಾಗ ಜೊತೆಗೆ ಬರಲಾ?" ಎಂದು ಕೇಳಿ.

ಎಲ್ಲರೂ ಆರೋಗ್ಯವಾಗಿರಲಿ. ಎಲ್ಲರೂ ಸುಖವಾಗಿರಲಿ.

ಸಾಧು, ಸಾಧು, ಸಾಧು.
ಜೈ ಭೀಮ್. ನಮೋ ಬುದ್ಧಾಯ.

(ಬೇಕಾದವರಿಗೆ ತಲುಪಿಸಿ)