ವೀಸಾ ಎಂಬ ಕರಾರು

ರಜೆ ಬಂತೆಂದರೆ ಚಾಮರಾಜಪೇಟೆಯ ಮನೆಗಳಲ್ಲಿ ದುಬೈ ಪ್ರವಾಸದ ಮಾತು. ಜೊತೆಗೇ ಅಂಜಿಕೆ: ಅಲ್ಲಿನ ಕಾನೂನು ಬಹಳ ಬಿಗಿಯಂತೆ, ಏನಾದರೂ ಎಡವಟ್ಟಾದರೆ?

ಪ್ರಿಯ ಓದುಗರೇ, ಕರಾರುಗಳನ್ನು ಪಾಲಿಸಬೇಕೆಂದು ಪವಿತ್ರ ಕುರ್‌ಆನ್ ಅಲ್‌ಮಾಇದ ಅಧ್ಯಾಯದ ಮೊದಲ ಸೂಕ್ತದಲ್ಲೇ ಆಜ್ಞಾಪಿಸುತ್ತದೆ. ಅಭಯ ಪಡೆದು ಪರನಾಡನ್ನು ಪ್ರವೇಶಿಸಿದವನು ಅಲ್ಲಿಯವರನ್ನು ವಂಚಿಸಬಾರದೆಂದು ಫಿಕ್‌ಹ್ ವಿದ್ವಾಂಸರು ಹಿಂದೆಯೇ ಬರೆದಿಟ್ಟಿದ್ದಾರೆ. ಇಂದಿನ ವೀಸಾ ಅಂಥದೇ ಕರಾರು. ಪೊಲೀಸರು ಕಾಣಲಿ, ಕಾಣದಿರಲಿ, ಅದರ ಬಗ್ಗೆ ಅಲ್ಲಾಹನ ಮುಂದೆ ಉತ್ತರಿಸಬೇಕಾಗುತ್ತದೆ.

ನಮ್ಮ ಅಡುಗೆಮನೆಯ ಗಸಗಸೆಯನ್ನೇ ನೋಡಿ. ಇಲ್ಲಿ ಅದು ಪಾಯಸಕ್ಕೆ, ಕುರ್ಮಾಕ್ಕೆ. ಯುಎಇಯಲ್ಲೂ ಸೌದಿ ಅರೇಬಿಯಾದಲ್ಲೂ ನಿಷಿದ್ಧ. ಏಕೆಂದರೆ ಅದು ಅಫೀಮು ಗಿಡದ ಬೀಜ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಮಾತ್ರೆ ಒಯ್ಯಲು ಯುಎಇಯಲ್ಲಿ ಮೊದಲೇ ಅನುಮತಿ ಪಡೆಯಬೇಕು. ಒಪ್ಪಿಗೆಯಿಲ್ಲದೆ ಪರರ ಫೋಟೋ ತೆಗೆದು ಹಂಚುವುದೂ ಅಲ್ಲಿ ಅಪರಾಧ. (ಪರರ ಮರ್ಯಾದೆ ಕಾಯಲು ನಮಗೆ ದುಬೈ ಕಾನೂನೇ ಬೇಕೇ?)

ಎಲ್ಲಕ್ಕಿಂತ ಕಷ್ಟದ್ದು ದಾಕ್ಷಿಣ್ಯ. "ಬೇಟಾ, ನನ್ನ ಮಗನಿಗೆ ಇದೊಂದು ಕೊಟ್ಟುಬಿಡು" ಎಂದು ಪಕ್ಕದ ಮನೆಯ ಖಾಲಾ ಹೊಲಿದ ಪೊಟ್ಟಣ ತಂದರೆ, ಬೇಡವೆನ್ನಲು ನಾಲಿಗೆ ಏಳದು. ಆದರೆ ಪೆಟ್ಟಿಗೆ ನಿಮ್ಮದಾದರೆ ಅದರೊಳಗಿನ ವಸ್ತುವಿಗೂ ಕಸ್ಟಮ್ಸ್‌ನವರು ನಿಮ್ಮನ್ನೇ ಕೇಳುತ್ತಾರೆ. ಖಾಲಾ ಎದುರಿಗೇ ಬಿಚ್ಚಿ ನೋಡಿ. ಬಿಚ್ಚಲು ಅವರು ಒಪ್ಪದಿದ್ದರೆ ಸಲಾಮ್ ಹೇಳಿ ಅಲ್ಲೇ ಹಿಂತಿರುಗಿಸಿ.