ತಿಳಿಯದೆ ಹಾಕಿದ ಸಹಿ

ಸ್ವಸಹಾಯ ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ತಮ್ಮ ಸಾಲದ ಪುಸ್ತಕವನ್ನು ನನ್ನ ಮುಂದಿಟ್ಟು, “ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ” ಎಂದರು. ಪುಟದ ಕೆಳಗೆ ಅವರದೇ ಸಹಿ, ದುಂಡಾದ ಅಕ್ಷರಗಳಲ್ಲಿ. ಸಹಿ ಹಾಕುವುದನ್ನು ಕಲಿತಿದ್ದರು. ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಸಾಲದ ಹಣ ಪತಿಯ ಆಟೋ ರಿಪೇರಿಗೆ ಹೋಗಿತ್ತು. ಕಂತು ಮಾತ್ರ ಆಕೆಯ ಪಾಲಿಗೆ ಉಳಿದಿತ್ತು.

ತಿಳಿಯದೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎನ್ನಬಹುದೇ? ವಿವಾಹದ ದಿನ ವಧುವಿನ ಸಮ್ಮತಿಯನ್ನು ಎಲ್ಲರೆದುರು ಕೇಳುವ ನಾವು, ಮರುದಿನದಿಂದ ಆಕೆಯ ಮುಂದೆ ಕಾಗದ ಚಾಚಿ “ಇಲ್ಲಿ ಒಂದು ಸಹಿ ಹಾಕು” ಎನ್ನುವುದರಲ್ಲಿ ತಪ್ಪು ಕಾಣುವುದಿಲ್ಲ.

ಮಹಿಳೆಯರಿಗೆ ಲೆಕ್ಕ ಬಾರದೆಂಬ ಮಾತನ್ನು ನಾನು ನಂಬುವುದಿಲ್ಲ. ಹಿಡಿ ಅಕ್ಕಿ ತೆಗೆದಿಟ್ಟು ತಿಂಗಳ ಕೊನೆಯ ವಾರವನ್ನು ದಾಟಿಸಿದವರು, ಚೀಟಿ ಹಣ ಕಟ್ಟಿ ಮಗಳ ಕಿವಿಗೆ ಓಲೆ ಮಾಡಿಸಿದವರು ಅವರೇ. ಅವರಿಗೆ ಅಪರಿಚಿತವಾದುದು ಕಾಗದದ ಭಾಷೆ. 12,000 ರೂಪಾಯಿ ಸಾಲಕ್ಕೆ ಶೇ. 12ರ ಬಡ್ಡಿ ಎಂದಾಗ ಯಾರಿಗೂ ಸಂಶಯ ಬಾರದು. ತಿಂಗಳಿಗೆ 1,000 ರೂಪಾಯಿ ಅಸಲು ತೀರಿಸುತ್ತ, ಉಳಿದ ಅಸಲಿಗಷ್ಟೇ ಬಡ್ಡಿ ಕಟ್ಟಿದರೆ ವರ್ಷಕ್ಕೆ ಆಗುವುದು 780 ರೂಪಾಯಿ. ಆದರೆ ಅಸಲು ಕರಗುತ್ತಿದ್ದರೂ ಪೂರ್ತಿ 12,000ಕ್ಕೇ ಬಡ್ಡಿ ಹಾಕಿದರೆ 1,440 ರೂಪಾಯಿ. ನಿಜವಾದ ದರ ಶೇ. 21ನ್ನು ಮೀರುತ್ತದೆ. ಹೇಳಿದ್ದು ಸುಳ್ಳಲ್ಲ, ಆದರೂ ಸತ್ಯವೆನ್ನಲಾಗದು. ಸಾಲದ ವಿವರಗಳನ್ನೂ ವಾರ್ಷಿಕ ದರವನ್ನೂ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ಕಿರುಸಾಲ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ವಿಧಿಸಿತು. ಆ ಹಾಳೆಯನ್ನು ಕೇಳಿ ಪಡೆಯುವ ಧೈರ್ಯವನ್ನು ನಿಯಮವು ಕೊಡಲಾರದು.

1992ರಲ್ಲಿ ನಬಾರ್ಡ್ 500 ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿದಾಗ, ಅದರ ಬಲವಿದ್ದುದು ಸದಸ್ಯೆಯರೇ ಕೂಡಿ ಉಳಿಸಿ, ಕೂಡಿ ತೀರ್ಮಾನಿಸುವುದರಲ್ಲಿ. ಸಂಘದ ಪುಸ್ತಕವನ್ನು ಯಾರದೋ ಮಗ ಬರೆದುಕೊಡುವಲ್ಲಿ ಆ ಬಲ ಸೋರಿಹೋಗುತ್ತದೆ.

ಆಸ್ತಿಯ ವಿಷಯದಲ್ಲಿ ಈ ಅಜ್ಞಾನ ಇನ್ನೂ ದುಬಾರಿ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನೇ ಕೊಡುತ್ತಿತ್ತು. ಮೇರಿ ರಾಯ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ ಅಲ್ಲಿಯೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯಿಸುವುದೆಂದಿತು. ಆ ಕಾಯಿದೆಯಲ್ಲಿ ಮಗ ಮಗಳಿಗೆ ಸಮಪಾಲು. ಆದರೂ ಹಕ್ಕುಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕುವ ಸಹೋದರಿಯರು ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ.

“ಇದನ್ನೆಲ್ಲ ಹೇಳಿಕೊಟ್ಟರೆ ಮನೆಯಲ್ಲಿ ಜಗಳವಾಗದೇ?” ಎಂದು ಹಿರಿಯರೊಬ್ಬರು ಕೇಳಿದರು. ಕಪಟವಿಲ್ಲದ ಪ್ರಶ್ನೆ. ಆಗಬಹುದು. ನನಗೆ ತೋರಿದ ಉತ್ತರವಿಷ್ಟೇ: ಒಬ್ಬರ ಅಜ್ಞಾನದ ಮೇಲೆ ನಿಂತ ಶಾಂತಿಯ ಬೆಲೆಯನ್ನು ಆ ಒಬ್ಬರೇ ತೆರುತ್ತಿರುತ್ತಾರೆ. ಜಗಳವಿಲ್ಲದಿರುವುದರಿಂದ ಅದು ನಮಗೆ ಕೇಳಿಸುವುದಿಲ್ಲ.

ಮೊನ್ನೆ ಆ ತಾಯಿ ಮತ್ತೆ ಸಿಕ್ಕರು. ಉಳಿದ ಅಸಲೆಷ್ಟೆಂದು ವಸೂಲಿಗೆ ಬಂದವರನ್ನು ತಾವೇ ಕೇಳಿದರಂತೆ. ಪುಸ್ತಕ ಈಗ ಯಾರ ಬಳಿ ಎಂದೆ. “ನನ್ನ ಹತ್ತಿರವೇ” ಎಂದರು. ಬ್ಯಾಂಕಿನ ಎಟಿಎಂ ಕಾರ್ಡು? ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವರು ಸುಮ್ಮನೆ ನಕ್ಕರು.